ನಗರದ ನೀರಂಚಿಗೆ ಯಾವ ದಡ? ಗೋಡೆ, ಕಲ್ಲು, ಜೌಗು, ಮರಳು: ಹೋಲಿಸಿ ಆರಿಸುವ ಬಗೆ

ನಗರದೊಳಗಿನ ಕಡಲಂಚನ್ನೋ ಅಳಿವೆಯಂಚನ್ನೋ ಸರಿಪಡಿಸುವ ಯೋಜನೆಗಳು ಹೆಚ್ಚಾಗಿ ಒಂದು ಚಿತ್ರದಿಂದ ಶುರುವಾಗುತ್ತವೆ. ಅಗಲವಾದ ಕಾಲುದಾರಿ, ಸಾಲಾಗಿ ಬೆಂಚು, ಯೋಗಕ್ಕೊಂದು ಕಟ್ಟೆ, ನೀರಿಗಿಳಿಯಲು ಮೆಟ್ಟಿಲು. ಇವೆಲ್ಲ ಬರೆದಾದ ಮೇಲೆ ನಕ್ಷೆಯಲ್ಲಿ ಉಳಿದ ಪಟ್ಟಿಗೆ ಹಸಿರು ಬಣ್ಣ ಬಳಿದು ‘ಜೀವನೆಲೆ’ ಎಂದು ಹೆಸರು ಕೊಡುತ್ತಾರೆ. ಈ ಕ್ರಮವೇ ತಪ್ಪು. ಜೌಗಿನ ಹುಲ್ಲಾಗಲಿ, ಉಪ್ಪುನೀರಿನಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡವಾಗಲಿ, ಬಂಡೆಗೆ ಅಂಟುವ ಸಿಂಪಿಯಾಗಲಿ ಬದುಕುವುದು ನೀರಿನ ಏರಿಳಿತದೊಳಗಿನ ಒಂದು ಕಿರಿದಾದ ಎತ್ತರದ ಪಟ್ಟಿಯಲ್ಲಿ. ಉಳಿದ ಜಾಗ ಆ ಎತ್ತರದಲ್ಲೇ ಬಂದು ಕೂರುವುದು ಅಪರೂಪ. ಮೊದಲು ದಡ ಯಾವ ಬಗೆಯದೆಂದು ತೀರ್ಮಾನಿಸಿ, ಜನರ ಜಾಗವನ್ನು ಆಮೇಲೆ ಕೂರಿಸಿದರೆ ಎರಡೂ ಉಳಿಯುತ್ತವೆ. ತಿರುಗಾಮುರುಗಾ ಮಾಡಿದರೆ ಗಿಡಗಳು ಎರಡನೇ ವರ್ಷಕ್ಕೆ ಸಾಯುತ್ತವೆ, ಜನರಿಗೆ ಸಿಗುವುದು ಕಾಂಕ್ರೀಟಿನ ಬಿಸಿ ಮಾತ್ರ.

ದಡದ ಬಗೆಗಳು ಮುಖ್ಯವಾಗಿ ನಾಲ್ಕು: ನೆಟ್ಟಗಿನ ತಡೆಗೋಡೆ, ಕಲ್ಲಿನ ಇಳಿಜಾರು, ಜೌಗು ಅಥವಾ ಕಾಂಡ್ಲಾ, ಪುಟ್ಟ ಮರಳದಂಡೆ. ಒಂದನ್ನು ಆರಿಸುವ ಮೊದಲು ಅಳತೆಯ ಕೆಲಸ ಇದೆ.

ಮೊದಲು ಅಲೆ, ಆಮೇಲೆ ಅಗಲ

ನಿಮ್ಮ ದಡದಿಂದ ಎದುರು ದಡದವರೆಗೆ ಗಾಳಿಗೆ ತಡೆಯಿಲ್ಲದ ನೀರು ಎಷ್ಟು ದೂರ ಹಬ್ಬಿದೆ ಎಂದು ನಕ್ಷೆಯಲ್ಲಿ ಅಳೆಯಿರಿ. ಗಾಳಿಗೆ ಓಡಲು ಎಷ್ಟು ಜಾಗ ಸಿಗುತ್ತದೋ ಅಲೆ ಅಷ್ಟು ದೊಡ್ಡದಾಗುತ್ತದೆ. ಈ ದೂರ 800 ಮೀಟರಿಗಿಂತ ಕಡಿಮೆ ಇದ್ದರೆ ಬರೀ ಗಿಡಗಳೇ ದಡವನ್ನು ಹಿಡಿದಾವು. 800 ಮೀಟರಿನಿಂದ ಒಂದೂವರೆ ಕಿಲೋಮೀಟರಿನ ಒಳಗೆ ಗಿಡಗಳ ಮುಂದೆ ನಾರಿನ ದಿಂಡೋ ಕಲ್ಲಿನ ಗಿಡ್ಡ ಒಡ್ಡೋ ಬೇಕು. ಒಂದೂವರೆಯಿಂದ ಎಂಟು ಕಿಲೋಮೀಟರಿನವರೆಗೆ ಒಡ್ಡಿಲ್ಲದೆ ಜೌಗಿನ ಮಾತೇ ಬೇಡ. ಅದರಾಚೆಗೆ ಕಲ್ಲಿನ ಇಳಿಜಾರು, ದೂರದ ಅಲೆತಡೆ ಅಥವಾ ಗೋಡೆ. ಇವು ಒರಟು ಅಂದಾಜಿನ ಅಳತೆಗಳು. ಮೊದಲ ಸುತ್ತಿನಲ್ಲಿ ಆಗದ ಆಯ್ಕೆಗಳನ್ನು ಹೊಡೆದುಹಾಕಲು ಸಾಕು.

ನಗರದಲ್ಲಿ ಇದಕ್ಕೊಂದು ತಿದ್ದುಪಡಿ ಇದೆ, ಅದೇ ದೋಣಿಗಳ ಅಲೆ. ದೂರ ಬರೀ 300 ಮೀಟರ್ ಇರಬಹುದು, ಆದರೆ ಹತ್ತು ನಿಮಿಷಕ್ಕೊಂದು ವೇಗದ ದೋಣಿ ಹಾದುಹೋದರೆ ಆ ದಡ ಶಾಂತ ದಡವಲ್ಲ. ಅಲೆಯ ಶಕ್ತಿ ಅದರ ಎತ್ತರದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದು ಗೇಣಿನ ಅಲೆ ಎರಡು ಗೇಣಾದರೆ ಹೊಡೆತ ನಾಲ್ಕು ಪಟ್ಟು. ರಜಾದಿನವೊಂದರಲ್ಲಿ ದಡದಲ್ಲಿ ಕೂತು, ಅಳತೆಗೋಲು ನೆಟ್ಟು, ಬರುವ ಅಲೆಗಳ ಎತ್ತರ ಬರೆದುಕೊಳ್ಳುವುದು ಕಂಪ್ಯೂಟರ್ ಮಾದರಿಗಿಂತ ಮೊದಲು ಮಾಡಬೇಕಾದ ಕೆಲಸ.

ಅಗಲದ ಲೆಕ್ಕ ಹೀಗೆ. ಜೌಗಿಗೆ ಬೇಕಾದ ಇಳಿಜಾರು ಹತ್ತಕ್ಕೆ ಒಂದು (ಹತ್ತು ಮೀಟರ್ ಅಗಲಕ್ಕೆ ಒಂದು ಮೀಟರ್ ಏರು) ಅಥವಾ ಅದಕ್ಕಿಂತ ಮಂದ. ಉಬ್ಬರ ಇಳಿತದ ಅಂತರ 2 ಮೀಟರ್ ಎಂದುಕೊಳ್ಳಿ. ಇಳಿತದ ಗೆರೆಯಿಂದ ಉಬ್ಬರದ ಗೆರೆಗೆ 20 ಮೀಟರ್ ಅಗಲ ಬೇಕು. ಇದರಲ್ಲಿ ಹುಲ್ಲು ಬೆಳೆಯುವುದು ಮೇಲಿನ ಅರ್ಧದಲ್ಲಿ ಮಾತ್ರ. ಅದರ ಹಿಂದೆ ಒಣನೆಲದ ಪೊದೆಗಳಿಗೆ 5 ಮೀಟರ್, ಕಾಲುದಾರಿಗೆ 3 ಮೀಟರ್. ಒಟ್ಟು 28. ನಿಮ್ಮಲ್ಲಿರುವುದು ರಸ್ತೆಗೂ ನೀರಿಗೂ ನಡುವೆ 8 ಮೀಟರ್ ಆದರೆ ಜೌಗಿನ ಆಸೆ ಬಿಟ್ಟು, ಇರುವ ಗೋಡೆಯನ್ನೇ ಜೀವಿಗಳು ನೆಲೆಸುವಂತೆ ಮಾಡುವುದು ಪ್ರಾಮಾಣಿಕ ಆಯ್ಕೆ. ಕಡಿದಾದ ಅಂಚಿಗೆ ಹುಲ್ಲು ನೆಟ್ಟು ಫೋಟೋ ತೆಗೆದುಕೊಳ್ಳುವುದರಿಂದ ಹಣವೂ ಹೋಗುತ್ತದೆ, ಊರಿನವರ ನಂಬಿಕೆಯೂ ಹೋಗುತ್ತದೆ.

ಅಗಲಕ್ಕೆ ಮುಂದಿನ ದಿನಗಳ ಪಾಲನ್ನೂ ಸೇರಿಸಿ. ಹವಾಮಾನದ ಅಂತರ ಸರ್ಕಾರಿ ಸಮಿತಿ ಐಪಿಸಿಸಿಯ ಆರನೇ ವರದಿಯ ಪ್ರಕಾರ 1901ರಿಂದ 2018ರ ಹೊತ್ತಿಗೆ ಜಗತ್ತಿನ ಸರಾಸರಿ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ; 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿಲಿಮೀಟರಿನಂತೆ. ಅರ್ಧ ಮೀಟರ್ ಏರಿದರೆ ಹತ್ತಕ್ಕೊಂದರ ಇಳಿಜಾರಿನಲ್ಲಿ ಜೌಗು 5 ಮೀಟರ್ ಹಿಂದೆ ಸರಿಯಬೇಕು. ಹಿಂದೆ ಗೋಡೆಯಿದ್ದರೆ ಸರಿಯಲು ಜಾಗವಿಲ್ಲದೆ ನೀರಿಗೂ ಗೋಡೆಗೂ ನಡುವೆ ಸಿಕ್ಕಿ ಅಳಿಯುತ್ತದೆ. ಹುಲ್ಲುಹಾಸು, ಕಟ್ಟೆ, ಪೆವಿಲಿಯನ್ ಇವನ್ನೆಲ್ಲ ಆ 5 ಮೀಟರಿನಾಚೆಗೇ ಇಡಿ, ಇಲ್ಲವೇ ಕಿತ್ತು ಸರಿಸುವಂತೆ ಕಟ್ಟಿ.

ಮಟ್ಟದಲ್ಲಿ ಆಗುವ ಎಡವಟ್ಟು

ಜೌಗು ಯೋಜನೆಗಳು ಸೋಲುವ ಕಾರಣಗಳಲ್ಲಿ ಮೊದಲನೆಯದು ಎತ್ತರದ ತಪ್ಪು, ಅದರಲ್ಲೂ ಎರಡು ಬೇರೆ ಬೇರೆ ಸೊನ್ನೆಗಳ ಗೊಂದಲ. ಬಂದರಿನ ಉಬ್ಬರದ ಕೋಷ್ಟಕ ಎತ್ತರವನ್ನು ಎಣಿಸುವುದು ನಾವಿಕರ ನಕ್ಷೆಯ ಸೊನ್ನೆಯಿಂದ. ಅದು ಇಳಿತದ ತಳಮಟ್ಟಕ್ಕೆ ಹತ್ತಿರ. ನೆಲದ ಸರ್ವೆಯವರು ಎಣಿಸುವುದು ಭೂಮಾಪನದ ಸೊನ್ನೆಯಿಂದ. ಅದು ಹೆಚ್ಚುಕಡಿಮೆ ಸರಾಸರಿ ಕಡಲಮಟ್ಟದ ಸುತ್ತ. ಎರಡರ ನಡುವಿನ ವ್ಯತ್ಯಾಸ ಒಂದು ಮೀಟರೂ ಇರಬಹುದು. ಜೌಗಿನ ಹುಲ್ಲಿಗೆ 15 ಸೆಂಟಿಮೀಟರ್ ವ್ಯತ್ಯಾಸವೇ ಸಾವು-ಬದುಕಿನ ಪ್ರಶ್ನೆ. ಎರಡು ನಕ್ಷೆಗಳ ಅಂಕಿಗಳನ್ನು ಕೂಡಿಸುವ ಮೊದಲು ಎರಡರ ಸೊನ್ನೆಯೂ ಯಾವುದೆಂದು ಬರಹದಲ್ಲಿ ಪಡೆಯಿರಿ.

ಇದಕ್ಕಿಂತ ನಂಬಿಕಸ್ಥ ದಾರಿ ಒಂದಿದೆ. ಅದೇ ನೀರಿನ ಹತ್ತಿರದಲ್ಲಿ ತಾನಾಗಿ ಬೆಳೆದ ಜೌಗೋ ಕಾಂಡ್ಲಾ ತೋಪೋ ಎಲ್ಲಾದರೂ ಇದ್ದರೆ ಅಲ್ಲಿಗೆ ನೆಲದ ಎತ್ತರ ಅಳೆಯುವ ಲೆವೆಲ್ ಯಂತ್ರ ಹೊತ್ತುಕೊಂಡು ಹೋಗಿ. ಗಿಡಗಳು ನೀರಿನ ಕಡೆ ಎಲ್ಲಿ ನಿಲ್ಲುತ್ತವೆ, ನೆಲದ ಕಡೆ ಎಲ್ಲಿ ನಿಲ್ಲುತ್ತವೆ, ಒಂದು ಜಾತಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ, ಈ ಮೂರು ಗೆರೆಗಳ ಎತ್ತರವನ್ನು ಹತ್ತಾರು ಕಡೆ ಅಳೆಯಿರಿ. ನಿಮ್ಮ ಜಾಗದಲ್ಲಿ ಅದೇ ಎತ್ತರಕ್ಕೆ ಗೂಟ ಹೊಡೆದು, ಹದಿನೈದು ದಿನ ದೊಡ್ಡ ಉಬ್ಬರವನ್ನೂ ಸಣ್ಣ ಉಬ್ಬರವನ್ನೂ ನೋಡಿ, ಗೂಟದ ಮೇಲೆ ನೀರಿನ ಗುರುತು ಎಲ್ಲಿಗೆ ಬರುತ್ತದೆಂದು ಪರೀಕ್ಷಿಸಿ. ಗೂಟ ಹೇಳುವುದಕ್ಕೂ ನಕ್ಷೆ ಹೇಳುವುದಕ್ಕೂ ಜಗಳ ಬಂದರೆ ಗೂಟವನ್ನೇ ನಂಬಬೇಕು.

ಇನ್ನೊಂದು, ನೆಲದ ವಿಷ. ಹಳೆಯ ಬಂದರು, ಗೋದಾಮು, ಕಾರ್ಖಾನೆಗಳ ಅಂಚಿನ ಕೆಸರಿನಲ್ಲಿ ಸೀಸ, ಡಾಂಬರಿನ ಅಂಶ, ಪಿಸಿಬಿಯಂಥ ರಾಸಾಯನಿಕಗಳು ಕೂತಿರುತ್ತವೆ. ಮೇಲಿನ ಒಂದು ಹಿಡಿ ಮಣ್ಣು ತೆಗೆದು ಪರೀಕ್ಷಿಸಿದರೆ ಸಾಲದು, ನೀವು ಅಗೆಯುವಷ್ಟು ಆಳದವರೆಗೆ ಕೊಳವೆ ಇಳಿಸಿ ಮಾದರಿ ತೆಗೆಯಬೇಕು. ಸುಮ್ಮನೆ ಕೂತಿದ್ದ ವಿಷವನ್ನು ಇಳಿಜಾರು ಮಾಡುವ ಭರದಲ್ಲಿ ಕದಡಿ ನೀರಿಗೆ ಬಿಟ್ಟರೆ, ಸುಧಾರಣೆಯೇ ಹಾನಿಯಾಗುತ್ತದೆ. ವಿಷ ಸಿಕ್ಕಿದರೆ ಅಗೆಯುವ ಬದಲು ಶುದ್ಧ ಮಣ್ಣು ಹೊದಿಸಿ ಮೇಲೇರಿಸುವ ಆಯ್ಕೆಯನ್ನು ಎಂಜಿನಿಯರರ ಮುಂದಿಡಿ. ಮೆತ್ತನೆ ಕೆಸರಿನ ಮೇಲೆ ಹಾಕಿದ ಮಣ್ಣು ಕುಸಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಕುಸಿದು ನಿಂತ ಮೇಲಿನ ಎತ್ತರವೇ ಗಿಡಕ್ಕೆ ಬೇಕಾದ ಎತ್ತರ.

ಗೋಡೆಯನ್ನು ಉಳಿಸಿಕೊಳ್ಳಬೇಕಾದಾಗ

ಜಾಗ ಕಿರಿದು, ನೀರು ಆಳ, ಹಿಂದೆಯೇ ರಸ್ತೆ. ಇಂಥಲ್ಲಿ ಗೋಡೆಯೇ ಗತಿ. ನುಣುಪು ಗೋಡೆಯ ದೋಷ ಎರಡು. ಇಳಿತದಲ್ಲಿ ಅದು ಪೂರಾ ಒಣಗಿ ಕಾಯುತ್ತದೆ, ಅಡಗಲು ಸಂದಿಯಿಲ್ಲ. ಜೊತೆಗೆ ಬಂದ ಅಲೆಯನ್ನು ಹಾಗೇ ಹಿಂದಕ್ಕೆ ಎಸೆಯುವುದರಿಂದ ಬುಡದ ಮರಳು ಕೊಚ್ಚಿಹೋಗುತ್ತದೆ. ಬುಡದ ಗುಂಡಿ ಅಲೆಯ ಎತ್ತರದಷ್ಟೇ ಆಳಕ್ಕೆ ಹೋಗಬಹುದು ಎಂಬುದು ಎಂಜಿನಿಯರರು ಹಿಡಿಯುವ ಅಂದಾಜು.

ಮೊದಲ ದೋಷಕ್ಕೆ ಮದ್ದು ಹಲಗೆಗಳು. ಸಿಡ್ನಿಯಲ್ಲಿ 2018ರಲ್ಲಿ ಶುರುವಾದ ‘ಲಿವಿಂಗ್ ಸೀವಾಲ್ಸ್’ ಯೋಜನೆ ಬಂಡೆಯ ಬಿರುಕು, ನೀರು ನಿಲ್ಲುವ ಕುಳಿ, ಕಾಂಡ್ಲಾ ಬೇರು ಇವುಗಳ ಆಕಾರವನ್ನು ಹಲಗೆಗಳಲ್ಲಿ ಎರಕ ಹೊಯ್ದು ಹಳೆಯ ಗೋಡೆಗಳಿಗೆ ಬಿಗಿಯುತ್ತದೆ. ಇದನ್ನು ಅನುಸರಿಸುವವರು ಗಮನಿಸಬೇಕಾದವು: ಹಲಗೆಗಳು ಸರಾಸರಿ ಇಳಿತ ಮತ್ತು ಸರಾಸರಿ ಉಬ್ಬರದ ಮಟ್ಟಗಳ ನಡುವೆಯೇ ಬರಬೇಕು. ಒಂದೇ ಅಳತೆಯ ಕುಳಿಗಳಿದ್ದರೆ ಒಂದೇ ಬಗೆಯ ಜೀವಿ ತುಂಬಿಕೊಳ್ಳುತ್ತದೆ, ಬೆರಳಗಲದಿಂದ ಅಂಗೈ ಅಗಲದವರೆಗೆ ಬೆರೆಸಿ. ಬಿಸಿಲಿಗೆ ನೇರ ಒಡ್ಡಿದ ಆಳವಿಲ್ಲದ ಕುಳಿಯ ನೀರು ಕಾದು ಒಳಗಿದ್ದವನ್ನೇ ಕೊಲ್ಲುತ್ತದೆ. ಅಂಥ ಮುಖದಲ್ಲಿ ನೆರಳಿನ ಬಿರುಕುಗಳೇ ಹೆಚ್ಚಿರಲಿ. ಹೊಸ ಕಾಂಕ್ರೀಟಿನ ಕ್ಷಾರ ಪಿಎಚ್ 12ರ ಮೇಲಿರುತ್ತದೆ, ಕಡಲನೀರಿನದು 8ರ ಆಸುಪಾಸು. ಕಬ್ಬಿಣದ ಊದುಕುಲುಮೆಯ ಕಿಟ್ಟ (ಸ್ಲ್ಯಾಗ್) ಬೆರೆಸಿದ ಸಿಮೆಂಟು ಆ ಅಂತರವನ್ನು ತಗ್ಗಿಸುತ್ತದೆ. ಬೋಲ್ಟುಗಳು ಉಪ್ಪುನೀರಿನ ತುಕ್ಕು ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು. ಎಲ್ಲಕ್ಕಿಂತ ಮೊದಲು, ಹಲಗೆಗಳ ತೂಕವನ್ನೂ ಅವುಗಳಿಗೆ ತಾಗುವ ಅಲೆಯ ಎಳೆತವನ್ನೂ ಗೋಡೆ ಹೊರುತ್ತದೆಯೇ ಎಂದು ಪರೀಕ್ಷೆ ಆಗಲಿ.

ಎರಡನೇ ದೋಷಕ್ಕೆ ಸಿಯಾಟಲ್‌ನ ಎಲಿಯಟ್ ಕೊಲ್ಲಿಯ ಗೋಡೆ ಒಳ್ಳೆಯ ಪಾಠ. 2013ರಿಂದ 2017ರವರೆಗೆ ಅದನ್ನು ಹೊಸದಾಗಿ ಕಟ್ಟುವಾಗ ಬುಡದಲ್ಲಿ ತಳವನ್ನು ಎತ್ತರಿಸಿ ಆಳವಿಲ್ಲದ ಜಗಲಿಯೊಂದನ್ನು ಕೊಟ್ಟರು, ಗೋಡೆಯ ಮುಖಕ್ಕೆ ಉಬ್ಬುತಗ್ಗು ಕೊಟ್ಟರು, ನೀರಿನ ಮೇಲೆ ಚಾಚಿದ ಕಾಲುದಾರಿಯಲ್ಲಿ ಗಾಜಿನ ಬಿಲ್ಲೆಗಳನ್ನು ಕೂರಿಸಿ ಬೆಳಕು ಕೆಳಗಿಳಿಯುವಂತೆ ಮಾಡಿದರು. ಕಾರಣ ಸಾಲ್ಮನ್ ಮೀನಿನ ಮರಿಗಳು. ದಡದಂಚಿನಲ್ಲೇ ಈಜುವ ಅವು ಕಟ್ಟೆಗಳ ಕಡುನೆರಳು ಎದುರಾದರೆ ಮುಂದೆ ಹೋಗದೆ ಅಲ್ಲೇ ನಿಂತುಬಿಡುತ್ತವೆ, ಇಲ್ಲವೇ ಆಳದ ನೀರಿಗೆ ಸರಿದು ದೊಡ್ಡ ಮೀನಿಗೆ ಆಹಾರವಾಗುತ್ತವೆ. ಜನ ನಡೆಯುವ ದಾರಿಯ ನೆರಳೇ ಮೀನಿನ ದಾರಿಗೆ ಬಾಗಿಲು ಹಾಕಬಲ್ಲದು ಎಂಬುದು ಯಾವ ಊರಿನ ನೀರಿಗೂ ಸಲ್ಲುವ ಎಚ್ಚರಿಕೆ.

ಕಲ್ಲಿನ ಇಳಿಜಾರು

ಅಲೆಯ ಹೊಡೆತ ಜೋರಿದ್ದು 10–15 ಮೀಟರ್ ಅಗಲ ಸಿಗುವಲ್ಲಿ ಇದು ಸರಿ. ಇಳಿಜಾರು ಒಂದೂವರೆಗೆ ಒಂದರಿಂದ ಎರಡಕ್ಕೆ ಒಂದು, ಅಡಿಯಲ್ಲಿ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣಕಲ್ಲಿನ ಹಾಸು, ಮೇಲೆ ದೊಡ್ಡಕಲ್ಲು. ಕಲ್ಲಿನ ತೂಕದಲ್ಲಿ ಉಳಿತಾಯ ಮಾಡಬೇಡಿ: ಅಲೆಯ ಎತ್ತರ ಎರಡು ಪಟ್ಟಾದರೆ ಬೇಕಾಗುವ ಕಲ್ಲಿನ ತೂಕ ಎಂಟು ಪಟ್ಟು. ಬಟ್ಟೆಯ ಅಂಚುಗಳು ಒಂದರ ಮೇಲೊಂದು ಸಾಕಷ್ಟು ಬರದಿದ್ದರೆ ಆ ಸಂದಿನಿಂದ ಮಣ್ಣು ಸೋರಿ ಮೇಲಿನ ಕಾಲುದಾರಿ ಒಂದು ಮಳೆಗಾಲದಲ್ಲಿ ಕುಸಿಯುತ್ತದೆ.

ಜೀವನೆಲೆಯಾಗಿ ಇದು ಗೋಡೆಗಿಂತ ಮೇಲು, ಜೌಗಿಗಿಂತ ಕೆಳಗೆ. ನಡುನಡುವೆ ನೀರು ನಿಲ್ಲುವಂತೆ ಕುಳಿ ಕೊರೆದ ಬಂಡೆಗಳನ್ನು ಇಟ್ಟು, ಉಬ್ಬರದ ಗೆರೆಯ ಮೇಲಿನ ಸಂದಿಗಳಲ್ಲಿ ಮಣ್ಣು ತುಂಬಿ ಉಪ್ಪು ತಾಳುವ ಗಿಡ ನೆಡಬಹುದು. ಜನರಿಗೆ ಮಾತ್ರ ಇದು ಒಗ್ಗದು: ಕಾಲು ಜಾರುತ್ತದೆ, ಸಂದಿಯಲ್ಲಿ ಕಸ ಸಿಕ್ಕಿ ಇಲಿ ಸೇರುತ್ತವೆ. ಪರಿಹಾರ, ಸಾಲಿನ ನಡುವೆ ಒಂದು ಕಡೆ ಚಪ್ಪಟೆ ಕಲ್ಲಿನ ಅಗಲ ಮೆಟ್ಟಿಲು. ನ್ಯೂಯಾರ್ಕ್‌ನ ಬ್ರೂಕ್ಲಿನ್ ಬ್ರಿಡ್ಜ್ ಪಾರ್ಕಿನಲ್ಲಿ ಹಳೆಯ ಸೇತುವೆಯ ಗ್ರಾನೈಟ್ ಕಲ್ಲುಗಳನ್ನೇ ಹೀಗೆ ಕೂರುವ ಮೆಟ್ಟಿಲಾಗಿ ಜೋಡಿಸಿದ್ದಾರೆ. ಜನ ಅಲ್ಲಿ ಕೂತರೆ ಉಳಿದ ಕಲ್ಲುಗಳ ಮೇಲೆ ಹತ್ತಾಡುವುದು ತಾನಾಗಿ ಕಡಿಮೆಯಾಗುತ್ತದೆ.

ದಡದಿಂದ ದೂರ, ನೀರಿನೊಳಗೇ ಕಲ್ಲಿನ ಅಲೆತಡೆ ಕಟ್ಟುವುದು ಇದರ ದೊಡ್ಡಣ್ಣ. 2012ರ ಸ್ಯಾಂಡಿ ಚಂಡಮಾರುತದ ನಂತರ ನ್ಯೂಯಾರ್ಕ್‌ನ ಸ್ಟೇಟನ್ ದ್ವೀಪದ ಮುಂದೆ ಯೋಜಿಸಿ 2024ರಲ್ಲಿ ಮುಗಿಸಿದ ‘ಲಿವಿಂಗ್ ಬ್ರೇಕ್‌ವಾಟರ್ಸ್’ನಲ್ಲಿ ಎಂಟು ತಡೆಗಳಿವೆ, ಒಟ್ಟು ಉದ್ದ ಸುಮಾರು 730 ಮೀಟರ್. ಹತ್ತು ವರ್ಷಕ್ಕೂ ಮೇಲೆ ಹಿಡಿದ ಕೆಲಸ ಅದು. ಒಂದು ಬಡಾವಣೆಯ ಸಮಿತಿ ಕೈಹಾಕುವ ಗಾತ್ರದ್ದಲ್ಲ.

ಜೌಗು ಮತ್ತು ಕಾಂಡ್ಲಾ

ಅಲೆ, ಅಗಲ, ಮಟ್ಟ ಮೂರೂ ಕೂಡಿಬಂದರೆ ಇದನ್ನೇ ಆರಿಸಿ. ಮೀನಿನ ಮರಿಗೂ ಏಡಿಗೂ ಹಕ್ಕಿಗೂ ಇಷ್ಟು ಕೊಡುವ ದಡ ಇನ್ನೊಂದಿಲ್ಲ. ಚಳಿಗೆ ಹಿಮ ಬೀಳುವ ಕಡೆ ಉಪ್ಪುಜೌಗಿನ ಹುಲ್ಲು, ಬೆಚ್ಚನೆ ಕಡಲಿನಲ್ಲಿ ಕಾಂಡ್ಲಾ.

ಕಾಂಡ್ಲಾದ ವಿಷಯದಲ್ಲಿ ಜಗತ್ತಿನಾದ್ಯಂತ ಆಗಿರುವ ತಪ್ಪು ಒಂದೇ. ಖಾಲಿ ಕಂಡ ಕೆಸರುಬಯಲಿಗೆ, ರೈಜೋಫೋರಾ ಎಂಬ ಕಾಂಡ್ಲಾ ಜಾತಿಯ ಉದ್ದ ಕೋಡಿನ ಬೀಜಗಳನ್ನು ಸಾಲಾಗಿ ಚುಚ್ಚುವುದು. ಸುಲಭವಾಗಿ ಸಿಗುತ್ತವೆ, ಒಂದು ಬೆಳಗ್ಗೆ ಸಾವಿರಗಟ್ಟಲೆ ನೆಡಬಹುದು, ಆದ್ದರಿಂದ ಎಲ್ಲರೂ ಅದನ್ನೇ ಮಾಡುತ್ತಾರೆ. ಫಿಲಿಪ್ಪೀನ್ಸ್‌ನಲ್ಲಿ ಇಂಥ ದೊಡ್ಡ ನೆಡುತೋಪುಗಳಲ್ಲಿ ಬಹುಪಾಲು ಸತ್ತವು. ಕೆಸರುಬಯಲು ಖಾಲಿಯಿರುವುದಕ್ಕೆ ಕಾರಣ ಅದರ ತಗ್ಗು. ದಿನದ ಹೆಚ್ಚು ಹೊತ್ತು ನೀರಿನಡಿ ಇದ್ದರೆ ಬೇರಿಗೆ ಉಸಿರು ಸಿಗದು. ಕಾಂಡ್ಲಾ ಬೇರೂರುವುದು ಸರಾಸರಿ ಕಡಲಮಟ್ಟದಿಂದ ಮೇಲೆ, ಒಟ್ಟು ಸಮಯದ ಮೂರನೇ ಒಂದು ಪಾಲಿಗಿಂತ ಕಡಿಮೆ ಹೊತ್ತು ಮುಳುಗುವ ನೆಲದಲ್ಲಿ. ಅಲ್ಲದೆ ಆ ಕೆಸರುಬಯಲು ಕಡಲಹಕ್ಕಿಗಳ ಊಟದ ಬಟ್ಟಲು. ಅಲ್ಲಿ ಗಿಡ ನೆಡುವುದು ಒಂದು ನೆಲೆ ಕೆಡಿಸಿ ಇನ್ನೊಂದು ಕಟ್ಟಲು ಹೊರಟಂತೆ.

ಫ್ಲೋರಿಡಾದ ವೆಸ್ಟ್ ಲೇಕ್‌ನಲ್ಲಿ ರಾಬಿನ್ ಲೂಯಿಸ್ ಎಂಬ ವಿಜ್ಞಾನಿ ಮಾಡಿದ್ದು ಇದಕ್ಕೆ ಪೂರಾ ಉಲ್ಟಾ. ಹಿಂದೆ ಸುರಿದಿದ್ದ ಮಣ್ಣನ್ನು ತೆಗೆಸಿ, ನೆಲವನ್ನು ಪಕ್ಕದ ಕಾಂಡ್ಲಾ ಕಾಡಿನ ಮಟ್ಟಕ್ಕೆ ತಂದು, ನೀರು ಬಂದುಹೋಗಲು ಕಾಲುವೆ ಬಿಡಿಸಿದರು. ಕಾಂಡ್ಲಾ ನೆಡಲೇ ಇಲ್ಲ. ಬೀಜ ತೇಲಿಬಂದು ಕಾಡು ತಾನೇ ಬೆಳೆಯಿತು. ಹತ್ತಿರದಲ್ಲಿ ಬೀಜ ಕೊಡುವ ತೋಪಿದ್ದರೆ ನಿಮ್ಮ ಹಣವೆಲ್ಲ ನೆಲ ಮತ್ತು ನೀರಿನ ಹರಿವಿಗೆ ಹೋಗಲಿ. ಸಸಿಗಳಿಗೆ ಎರಡು ವರ್ಷ ಕಾದು ನೋಡಿ.

ಹುಲ್ಲಿನ ಜೌಗಿಗೆ ನೆಡಬೇಕು. ಸಾಲುಗಳ ನಡುವೆಯೂ ಗಿಡಗಳ ನಡುವೆಯೂ 45 ಸೆಂಟಿಮೀಟರ್ ಬಿಟ್ಟರೆ ಚದರ ಮೀಟರಿಗೆ ಐದು ಸಸಿ. 100 ಮೀಟರ್ ಉದ್ದ, 10 ಮೀಟರ್ ಅಗಲಕ್ಕೆ ಐದು ಸಾವಿರ. ಅಲೆ ತಾಗುವ ಹೊರ ಅಂಚಿನ ಎರಡು ಮೀಟರಿಗೆ 30 ಸೆಂಟಿಮೀಟರಿನಂತೆ ದಟ್ಟವಾಗಿ ನೆಟ್ಟರೆ ಅಲ್ಲಿ ಚದರ ಮೀಟರಿಗೆ ಹನ್ನೊಂದು ಬೇಕಾಗುತ್ತದೆ. ಇಷ್ಟು ಸಸಿ ಅಂಗಡಿಯಲ್ಲಿ ಕಾದಿರುವುದಿಲ್ಲ, ನರ್ಸರಿಗೆ ಒಂದು ವರ್ಷ ಮೊದಲೇ ಹೇಳಬೇಕು, ಉಪ್ಪುನೀರಿಗೆ ಹದ ಮಾಡಿ ಕೊಡುವಂತೆಯೂ ಬರೆದುಕೊಡಬೇಕು. ಸಿಹಿನೀರಿನಲ್ಲಿ ಬೆಳೆದ ಸಸಿ ಮೊದಲ ವಾರವೇ ಸುಟ್ಟಂತಾಗುತ್ತದೆ. ನೆಡುವ ದಿನ ಇಳಿತದ ಮೂರ್ನಾಲ್ಕು ತಾಸು ಮಾತ್ರ ನಿಮ್ಮದು. ಒಬ್ಬರು ಮುಂದೆ ಒಂದು ಗೇಣು ಆಳದ ಕುಳಿ ತೋಡುತ್ತ ಹೋಗಬೇಕು, ಇನ್ನೊಬ್ಬರು ನಿಧಾನಕ್ಕೆ ಕರಗುವ ಗೊಬ್ಬರದ ಒಂದು ಚಿಟಿಕೆ ಹಾಕಿ ಸಸಿ ಇಳಿಸಬೇಕು, ಮೂರನೆಯವರು ಹಿಮ್ಮಡಿಯಿಂದ ಒತ್ತಿ ಗಾಳಿ ಹೊರಡಿಸಬೇಕು. ಸಸಿಯನ್ನು ಮೆಲ್ಲನೆ ಎಳೆದಾಗ ಮೇಲೆ ಬಂದರೆ ಮುಂದಿನ ಉಬ್ಬರ ಅದನ್ನು ಕೊಂಡೊಯ್ಯುವುದು ಖಂಡಿತ.

ಹೊರಗಿನ ಕಾವಲಿಗೆ, ಶಾಂತ ನೀರಿನಲ್ಲಿ 30ರಿಂದ 40 ಸೆಂಟಿಮೀಟರ್ ದಪ್ಪದ ತೆಂಗಿನ ನಾರಿನ ದಿಂಡು ಸಾಕು. ಎರಡರಿಂದ ಐದು ವರ್ಷದಲ್ಲಿ ಅದು ಕೊಳೆತುಹೋಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ಅಲೆ ಹೆಚ್ಚಿದ್ದರೆ ಕಲ್ಲಿನ ಗಿಡ್ಡ ಒಡ್ಡು. ಅದರ ತಲೆ ಸರಾಸರಿ ಉಬ್ಬರದ ಮಟ್ಟಕ್ಕೆ ಸರಿಯಾಗಿ ಅಥವಾ ಒಂದಡಿ ಮೇಲಿರಲಿ. ಒಡ್ಡು ಉದ್ದಕ್ಕೂ ಮುಚ್ಚಿದ್ದರೆ ಮೀನು ಒಳಗೆ ಸಿಕ್ಕಿಕೊಳ್ಳುತ್ತವೆ, ನೀರು ಕೊಳೆಯುತ್ತದೆ. ಸುಮಾರು 30 ಮೀಟರಿಗೊಂದು ಕಿಂಡಿ ಬಿಡಿ. ನೇರ ಕಿಂಡಿಯಿಂದ ಅಲೆ ನುಗ್ಗಿ ಹಿಂದಿನ ಮಣ್ಣು ಕೊರೆಯುತ್ತದೆ, ಒಂದು ತುದಿಯ ಮುಂದೆ ಇನ್ನೊಂದು ತುದಿ ಬರುವಂತೆ ಓರೆಯಾಗಿ ಕಟ್ಟಬೇಕು.

ನಗರದ ಜೌಗಿಗೆ ಎರಡು ಶತ್ರುಗಳು ವಿಶೇಷ. ಒಂದು ತೇಲುವ ಕಸ. ಒಂದೇ ರಾತ್ರಿಯ ಬಾಟಲಿ, ಥರ್ಮಾಕೋಲು, ಮರದ ಚೂರು ಎಳೆ ಸಸಿಗಳ ಮೇಲೆ ಚಾಪೆಯಂತೆ ಕೂತು ಕೊಲ್ಲುತ್ತದೆ, ಮೊದಲ ವರ್ಷ ವಾರಕ್ಕೊಮ್ಮೆಯಾದರೂ ಎತ್ತಬೇಕು. ಇನ್ನೊಂದು ಬಾತುಗಳು. ಹೆಬ್ಬಾತುಗಳಿರುವ ನೀರಿನಲ್ಲಿ ಗೂಟಗಳಿಗೆ ಅಡ್ಡಡ್ಡ ದಾರ ಬಿಗಿದು ಅವು ಇಳಿಯದಂತೆ ಮಾಡದಿದ್ದರೆ ನೆಟ್ಟ ವಾರವೇ ಎಳೆಹುಲ್ಲು ಬೇರುಸಹಿತ ಹೋಗುತ್ತದೆ.

ಪುಟ್ಟ ಮರಳದಂಡೆ

ಜನ ಅತಿ ಹೆಚ್ಚು ಪ್ರೀತಿಸುವ, ಅತಿ ಹೆಚ್ಚು ಉಸ್ತುವಾರಿ ಬೇಡುವ ಆಯ್ಕೆ. ನೀರಿಗೆ ಚಾಚಿದ ಎರಡು ಕಲ್ಲಿನ ಮೂಗುಗಳ ನಡುವೆ ಮರಳು ಅಥವಾ ನುಣ್ಣನೆ ಜಲ್ಲಿ ತುಂಬಿ ಮಾಡುತ್ತಾರೆ. ಸಿಯಾಟಲ್‌ನ ಒಲಿಂಪಿಕ್ ಶಿಲ್ಪ ಉದ್ಯಾನದಲ್ಲಿ 2007ರಲ್ಲಿ ತೆರೆದ ಇಂಥ ದಂಡೆಯ ಮುಂದೆ, ಪಕ್ಕದ ಕಟ್ಟಿದ ದಡಗಳಿಗೆ ಹೋಲಿಸಿದರೆ, ಸಾಲ್ಮನ್ ಮರಿಗಳೂ ಅವು ತಿನ್ನುವ ಹುಳಗಳೂ ಹೆಚ್ಚು ಕಂಡವು. ತರುವ ಮರಳಿನ ಕಣ ಆ ನೀರಿನ ಸಹಜ ಮರಳಿನಷ್ಟೇ ಅಥವಾ ತುಸು ದಪ್ಪ ಇರಬೇಕು. ಸಣ್ಣದಾದರೆ ಒಂದು ಬಿರುಗಾಳಿಗೆ ಖಾಲಿ. ದಂಡೆ ಕೊನೆಗೆ ಮುಖ್ಯ ಅಲೆ ಬರುವ ದಿಕ್ಕಿಗೇ ಮುಖ ತಿರುಗಿಸಿ ನಿಲ್ಲುತ್ತದೆ, ಆದ್ದರಿಂದ ನಕ್ಷೆಯಲ್ಲೇ ಹಾಗೆ ತಿರುಗಿಸಿ ಬರೆಯಿರಿ. ಯಂತ್ರದಿಂದ ಬಾಚಿ ‘ಚೊಕ್ಕಟ’ ಮಾಡುವುದನ್ನು ನಿಲ್ಲಿಸಿ: ಒಣಪಾಚಿಯ ಸಾಲಿನಲ್ಲಿ ಮರಳುಚಿಮ್ಮಿ ಹುಳಗಳಿವೆ, ಅವುಗಳಿಗಾಗಿ ಹಕ್ಕಿಗಳು ಬರುತ್ತವೆ. ಪ್ಲಾಸ್ಟಿಕ್ ಕೈಯಿಂದ ಹೆಕ್ಕಿ, ಪಾಚಿ ಬಿಡಿ.

ದಡದ ಮುಂದೆ ಸಿಂಪಿ ಬೆಳೆಸಿ ಕಟ್ಟುವ ದಿಬ್ಬಗಳ ಬಗ್ಗೆ ಇಲ್ಲೇ ಒಂದು ಮಾತು. ಕೊಳೆನೀರಿನಲ್ಲಿ ಬೆಳೆದ ಸಿಂಪಿ ವಿಷವನ್ನೂ ರೋಗಾಣುವನ್ನೂ ಒಳಗಿಟ್ಟುಕೊಳ್ಳುತ್ತದೆ. ಜನರ ಕೈಗೆಟಕುವಲ್ಲಿ ಬೆಳೆಸಿದರೆ ಯಾರಾದರೂ ಕೀಳುತ್ತಾರೆ, ತಿನ್ನುತ್ತಾರೆ, ಮಾರುತ್ತಾರೆ. ಈ ಭಯದಿಂದಲೇ ನ್ಯೂಜೆರ್ಸಿ ಸರ್ಕಾರ 2010ರಲ್ಲಿ ಮಲಿನ ನೀರಿನ ಸಿಂಪಿ ಯೋಜನೆಗಳನ್ನು ನಿಲ್ಲಿಸಿತು. ದೋಣಿಯಿಲ್ಲದೆ ತಲುಪಲಾಗದ ಕಡೆ ಮಾತ್ರ ಯೋಚಿಸಿ.

ಜನರಿಗೆ ಯಾವ ದಡದಲ್ಲಿ ಏನು

2019ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಸುಮಾರು 20,000 ಜನರ ಅಧ್ಯಯನವೊಂದರಲ್ಲಿ ವಾರಕ್ಕೆ ಕನಿಷ್ಠ 120 ನಿಮಿಷ ಪ್ರಕೃತಿಯ ನಡುವೆ ಕಳೆಯುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು ಎಂದು ಕಂಡಿತು. ಒಂದೇ ಸಲ ಕಳೆದರೂ ಹಲವು ಸಲ ಹಂಚಿ ಕಳೆದರೂ ವ್ಯತ್ಯಾಸವಿರಲಿಲ್ಲ. ಇದು ಕಾರಣವನ್ನು ಸಾಬೀತು ಮಾಡುವ ಅಧ್ಯಯನವಲ್ಲ, ಆದರೆ ಯೋಜಕರಿಗೆ ಒಂದು ದಿಕ್ಕು ತೋರಿಸುತ್ತದೆ. ಒಂದು ಭಾರೀ ಬಯಲಿಗಿಂತ, ಮನೆಯಿಂದ ನಡೆದು ಬಂದು ಕಾಲು ಗಂಟೆ ಕೂತು ಹೋಗಬಹುದಾದ ನಾಲ್ಕೈದು ಸಣ್ಣ ಜಾಗಗಳು ಮೇಲು. ದಡದ ಬದುಕಿಗೂ ಅದೇ ಒಳ್ಳೆಯದು, ಏಕೆಂದರೆ ಕಾಲ್ತುಳಿತ ಒಂದೆರಡು ಬಿಂದುಗಳಿಗೆ ಸೀಮಿತವಾಗಿ ಉಳಿದ ಅಂಚು ಉದ್ದಕ್ಕೂ ನಿಶ್ಶಬ್ದವಾಗಿರುತ್ತದೆ.

ಗುಂಪಿನ ಯೋಗ, ವ್ಯಾಯಾಮ, ಹಾಡು ಇವೆಲ್ಲ ಗೋಡೆಯ ಅಥವಾ ಕಲ್ಲಿನ ದಡದ ಹಿಂದೆ, ಗಟ್ಟಿ ನೆಲದಲ್ಲಿ. ಒಬ್ಬಿಬ್ಬರು ಸುಮ್ಮನೆ ಕೂರುವ ಜಾಗ ಜೌಗಿನ ಅಂಚಿನಲ್ಲಿ. ನೀರು ಮುಟ್ಟುವುದು ಮರಳದಂಡೆಯಲ್ಲಿ ಇಲ್ಲವೇ ಮೆಟ್ಟಿಲಲ್ಲಿ, ಅದೂ ನೀರು ಯೋಗ್ಯವಾಗಿದ್ದರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಕಡಲನೀರಿನ 100 ಮಿಲಿಲೀಟರಿನಲ್ಲಿ ಮಲದ ಕೊಳೆಯನ್ನು ಸೂಚಿಸುವ ಎಂಟೆರೋಕಾಕೈ ಬ್ಯಾಕ್ಟೀರಿಯಾದ ಎಣಿಕೆ 95ನೇ ಶೇಕಡಾಂಕದಲ್ಲಿ (ನೂರರಲ್ಲಿ 95 ಮಾದರಿಗಳು ದಾಟದ ಮಟ್ಟ) 40ರೊಳಗಿದ್ದರೆ ಅತ್ಯುತ್ತಮ ದರ್ಜೆ, 500 ದಾಟಿದರೆ ಕೊನೆಯ ದರ್ಜೆ ಎನ್ನುತ್ತದೆ. ಒಂದು ಮಾದರಿ ಸಾಲದು. ಮಳೆ ಬಂದ ಮರುದಿನದ ಮಾದರಿಯೂ ಅದರಲ್ಲಿರಬೇಕು. ಮಳೆನೀರಿನ ಚರಂಡಿಯ ಬಾಯಿ ಇರುವ ಕಡೆ ಮೆಟ್ಟಿಲು ಬೇಡವೇ ಬೇಡ, ಜೋರು ಮಳೆಯ ನಂತರ ಎರಡು ಮೂರು ದಿನ ನೀರಿಗಿಳಿಯಬೇಡಿ ಎಂಬ ಫಲಕ ಎಲ್ಲ ಕಡೆಯೂ ಬೇಕು. ಮೆಟ್ಟಿಲಿನ ಕೆಳಗಿನ ಅರ್ಧಕ್ಕೆ ಪಾಚಿ ಕಟ್ಟಿಯೇ ಕಟ್ಟುತ್ತದೆ, ಒರಟು ಮುಖ, ಹಿಡಿದುಕೊಳ್ಳಲು ಕಂಬಿ, ತೊಳೆಯುವ ಸರದಿ ಮೂರೂ ಯೋಜನೆಯಲ್ಲಿರಲಿ.

ಜೌಗಿನ ಮೇಲೆ ಹಲಗೆದಾರಿ ಹಾಕುವಾಗ ಗಿಡಕ್ಕೆ ಬೆಳಕು ಬಿಡುವುದೇ ಮುಖ್ಯ ಕಲೆ. ದಾರಿ ಎಷ್ಟು ಅಗಲವೋ ಕನಿಷ್ಠ ಅಷ್ಟು ಎತ್ತರದಲ್ಲಿರಬೇಕು: ಒಂದೂವರೆ ಮೀಟರ್ ಅಗಲವಾದರೆ ನೆಲದಿಂದ ಒಂದೂವರೆ ಮೀಟರ್ ಮೇಲೆ. ಉತ್ತರ-ದಕ್ಷಿಣವಾಗಿ ಹಾಕಿದರೆ ನೆರಳು ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಸರಿದು ಯಾವ ಗಿಡವೂ ದಿನವಿಡೀ ಕತ್ತಲಲ್ಲಿ ಉಳಿಯದು. ಮರದ ಹಲಗೆಗಿಂತ ಜಾಲರಿಯ ಫಲಕ ಉತ್ತಮ; ಅಮೆರಿಕದ ಮಾರ್ಗಸೂಚಿಗಳು ಕಡಲಹುಲ್ಲಿನ ಮೇಲಿನ ದೋಣಿಕಟ್ಟೆಗಳಿಗೆ ಶೇ 43ರಷ್ಟು ತೆರಪು ಕೇಳುತ್ತವೆ. ಆದರೆ ಒಂದೊಂದು ತೂತು 13 ಮಿಲಿಮೀಟರಿಗಿಂತ ಅಗಲವಾದರೆ ಊರುಗೋಲು, ಗಾಲಿಕುರ್ಚಿಯ ಮುಂಗಾಲಿ ಸಿಕ್ಕಿಕೊಳ್ಳುತ್ತವೆ. ಕ್ರಿಯೋಸೋಟ್ ಎಂಬ ಡಾಂಬರೆಣ್ಣೆ ಬಳಿದ ಹಳೆಯ ಮರದ ಕಂಬ ಅಗ್ಗವೆಂದು ತರಬೇಡಿ, ಅದಕ್ಕೆ ಅಂಟಿದ ಹೆರಿಂಗ್ ಮೀನಿನ ಮೊಟ್ಟೆಗಳು ಸಾಯುತ್ತವೆ.

ಆ ಹಲಗೆದಾರಿಯ ತುದಿಯ ಒಂದು ಬೆಂಚನ್ನು ಹತ್ತಿರದಿಂದ ನೋಡೋಣ. ಕೂರುವ ಎತ್ತರ 45 ಸೆಂಟಿಮೀಟರ್, ಒರಗು ಇದೆ, ಎರಡೂ ಕಡೆ ಕೈಯಾಸರೆ ಇದೆ. ವಯಸ್ಸಾದವರು ಎದ್ದು ನಿಲ್ಲುವುದು ಕೈಯೂರಿ. ಪಕ್ಕದಲ್ಲಿ 90 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದದ ಸಮತಟ್ಟು ಜಾಗ, ಗಾಲಿಕುರ್ಚಿಯವರು ಜೊತೆಯವರ ಭುಜದ ಪಕ್ಕ ಕೂರಲು, ಹಿಂದೆ ಅಲ್ಲ. ಎದುರು ಒಂದೂವರೆ ಮೀಟರ್ ಅಡ್ಡಳತೆಯ ಖಾಲಿ ಜಾಗ, ಕುರ್ಚಿ ತಿರುಗಲು. ಇಲ್ಲಿಯವರೆಗೆ ಬರುವ ದಾರಿಯ ಏರು ಇಪ್ಪತ್ತಕ್ಕೊಂದು ಮೀರಿಲ್ಲ. ಎಲ್ಲ ಸರಿಯಿದ್ದೂ ಒಂದು ತಪ್ಪು ಸಾಮಾನ್ಯವಾಗಿ ಉಳಿದುಬಿಡುತ್ತದೆ: ರೇಲಿಂಗಿನ ದಪ್ಪ ಮೇಲ್ಪಟ್ಟಿ 110 ಸೆಂಟಿಮೀಟರಿನಲ್ಲಿ, ಕೂತವರ ಕಣ್ಣಿನ ನೇರಕ್ಕೆ. ನೀರು ನೋಡಲು ಬಂದವರು ಕಬ್ಬಿಣ ನೋಡುತ್ತಾರೆ. ಪಟ್ಟಿಯನ್ನು ತೆಳುಮಾಡಿ, ಕೆಳಗೆ ಮಕ್ಕಳು ಹತ್ತಲಾಗದ ನೆಟ್ಟಗಿನ ತೆಳು ಸರಳುಗಳನ್ನು ಕೊಡಿ. ಗಾಳಿ ತಡೆಯಲು ಬರೀ ಗಾಜು ಹಾಕಿದರೆ ಹಕ್ಕಿಗಳು ಬಡಿದು ಸಾಯುತ್ತವೆ. 5 ಸೆಂಟಿಮೀಟರಿಗೊಂದರಂತೆ ಚುಕ್ಕಿಯಿರುವ ಗಾಜು ಬೇಕು.

ದೀಪ ಮೊಣಕಾಲೆತ್ತರದಲ್ಲಿ, ಮೇಲೂ ನೀರಿನ ಕಡೆಗೂ ಮುಚ್ಚಿದ್ದು, ಬೆಳಕು 560 ನ್ಯಾನೊಮೀಟರಿಗಿಂತ ಉದ್ದ ಅಲೆಯ ಕೇಸರಿ ಛಾಯೆ. ಆಮೆ ಮೊಟ್ಟೆಯಿಡುವ ದಂಡೆಗಳಿಗೆ ಮಾಡಿದ ಈ ನಿಯಮ ಬೇರೆ ಜೀವಿಗಳಿಗೂ ಒಳ್ಳೆಯದೇ. ನಾಯಿಗಳಿಗೆ ಪಟ್ಟಿ ಕಟ್ಟಿದರೆ ಸಾಲದು, ನೆಲದ ಹಕ್ಕಿಗಳು ಪಟ್ಟಿಯನ್ನು ನೋಡುವುದಿಲ್ಲ, ನಾಯಿಯನ್ನು ನೋಡುತ್ತವೆ. ನಾಯಿಗಳಿಗೆ ದಡದಿಂದ ದೂರ ಬೇಲಿ ಹಾಕಿದ ಬಯಲು ಕೊಟ್ಟರೆ ಮಾಲೀಕರಿಗೂ ಬೇಸರವಿರದು.

ಎರಡರ ನಡುವೆ ತೂಗಾಡುವಾಗ

ಒಂದೇ ಬಗೆಯ ದಡವನ್ನು ಉದ್ದಕ್ಕೂ ಎಳೆಯಬೇಕಾಗಿಲ್ಲ. 300 ಮೀಟರಿನ ಒಂದು ಅಂಚು ಊಹಿಸಿ. ಒಂದು ತುದಿಯ 120 ಮೀಟರ್ ಹಳೆಯ ಹಡಗುಕಟ್ಟೆ, ಅಗಲ 6 ಮೀಟರ್: ಅಲ್ಲಿ ಹಲಗೆ ಬಿಗಿದ ಗೋಡೆ, ಮೇಲೆ ವ್ಯಾಯಾಮದ ಕಟ್ಟೆ. ನಡುವಿನ 120 ಮೀಟರಿಗೆ 30 ಮೀಟರ್ ಅಗಲ ಇದೆ: ಒಡ್ಡಿನ ಹಿಂದೆ ಜೌಗು, ಒಂದೇ ಹಲಗೆದಾರಿ, ಒಂದೇ ಬೆಂಚು. ಕೊನೆಯ 60 ಮೀಟರ್ ಚರಂಡಿ ಬಾಯಿಗಳಿಂದ ದೂರ: ಮರಳದಂಡೆ. ಬೇರೆ ಬೇರೆ ದಡ ಕೂಡುವ ಜಾಗಗಳನ್ನು ಹುಷಾರಾಗಿ ಕಟ್ಟಿ; ಗೋಡೆಯ ತುದಿಗೆ ಬಡಿದ ಅಲೆ ಪಕ್ಕದ ಮೆತ್ತನೆ ದಡವನ್ನು ಕೊರೆಯುತ್ತದೆ, ಅಲ್ಲಿ 10 ಮೀಟರಿನಷ್ಟು ಕಲ್ಲನ್ನು ತೆಳುವಾಗುತ್ತ ಹೋಗುವಂತೆ ಹರಡಬೇಕು. ಜೌಗೋ ಮರಳೋ ಎಂದು ತೀರ್ಮಾನವಾಗದಿದ್ದರೆ ಈಗ ಅಲ್ಲಿ ಏನು ಶೇಖರವಾಗುತ್ತಿದೆ ನೋಡಿ. ಕೆಸರು ಕೂರುವ ಮೂಲೆಯಲ್ಲಿ ಮರಳು ಹಾಕಿದರೆ ವರ್ಷದೊಳಗೆ ಕೆಸರೇ ಆಗುತ್ತದೆ. ಹಣ ಸಾಲದಿದ್ದರೆ ಮೂರನ್ನೂ ಅರ್ಧಂಬರ್ಧ ಮಾಡದೆ ಜೌಗನ್ನು ಮೊದಲು ಪೂರ್ತಿ ಮಾಡಿ, ಅದಕ್ಕೇ ಬೆಳೆಯಲು ವರ್ಷಗಳು ಬೇಕು.

ಕೆಲಸ ಮುಗಿದ ಮೇಲಿನ ಐದು ವರ್ಷದ ಉಸ್ತುವಾರಿ ಹಣ ಗುತ್ತಿಗೆಯಲ್ಲೇ ಇರಬೇಕು. ನೆಟ್ಟ 30ನೇ ದಿನ ಸತ್ತವನ್ನು ಎಣಿಸಿ ತುಂಬುವುದು, ಮೊದಲ ಬೆಳೆಯುವ ಋತುವಿನ ಕೊನೆಗೆ ನೂರಕ್ಕೆ 80 ಉಳಿದಿವೆಯೇ ನೋಡುವುದು, ಪ್ರತಿ ವರ್ಷ ಅದೇ ಗೂಟದ ಬಳಿ ನಿಂತು ಅದೇ ದಿಕ್ಕಿನ ಫೋಟೋ ತೆಗೆಯುವುದು, ನೆಲದ ಎತ್ತರ ಮತ್ತೆ ಅಳೆಯುವುದು. ಎರಡನೇ ವರ್ಷದ ಹೊತ್ತಿಗೆ ಜೌಗಿನ ನಡುವೆ ಕಾಲುಹಾದಿಯೊಂದು ತಾನಾಗಿ ಮೂಡಿದ್ದರೆ ಬೇಲಿ ಹಾಕುವ ಮೊದಲು ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಡೆದು ನೋಡಿ. ಬಸ್ ನಿಲ್ದಾಣಕ್ಕೋ ಶಾಲೆಗೋ ನೆರಳಿನ ಮರಕ್ಕೋ ಹೋಗುವ ಅಡ್ಡದಾರಿ ಅದಾಗಿದ್ದರೆ, ಅಲ್ಲಿಗೆ ಸರಿಯಾದ ಹಲಗೆದಾರಿ ಹಾಕಿ, ತುಳಿದ ಪಟ್ಟಿಯ ಗಟ್ಟಿಯಾದ ಮಣ್ಣನ್ನು ಒಂದು ಗೇಣು ಆಳಕ್ಕೆ ಸಡಿಲಿಸಿ ಮುಂದಿನ ಋತುವಿನ ಮೊದಲ ಇಳಿತದಲ್ಲಿ ಮತ್ತೆ ನೆಡಿ.